ಗೋಣಿಯಲ್ಲಿ ಬಂದ ಮುಚ್ಚಳ

“ಬಾಗಿಲಿಗೆ ತಾಗುತ್ತೆ, ಸ್ವಲ್ಪ ಓರೆ ಮಾಡಿ,” ಎನ್ನುತ್ತ ಟೇಸಿ ಗಂಡ ಮಾಲನ್‌ನ ಶವಪೆಟ್ಟಿಗೆಗೆ ದಾರಿ ಬಿಟ್ಟಳು. ಗೆಳೆಯರ ಸಭೆಯೆಂಬ ತಮ್ಮ ಕ್ರೈಸ್ತ ಪಂಥದ ಪದ್ಧತಿಯಂತೆ ಸಾದಾ ಮರ, ಬಣ್ಣವಿಲ್ಲ, ಹಿಡಿಕೆಯಿಲ್ಲ. ಮುಚ್ಚಳ ಮಾತ್ರ ಬೇರೆಯಾಗಿ, ಗೋಣಿಯಲ್ಲಿ ಸುತ್ತಿಕೊಂಡು ಬಂದಿತ್ತು. ಮುಚ್ಚುವ ಹೊತ್ತಿಗೇ ಬಿಚ್ಚಬೇಕಂತೆ. ಹಾಗೆಂದು ಬಡಗಿ ಹೇಳಿ ಕಳಿಸಿದ್ದಾನೆಂದು ಗಾಡಿ ತಂದ ಜೆಸ್ಸಿ ತಿಳಿಸಿದ.

ಆ ಬಡಗಿ ಸತ್ತವನ ಅಣ್ಣ, ಏಬರ್.

“ಅವನು ಬರ್ತಾನಾ?”

ಜೆಸ್ಸಿ ಟೋಪಿಯ ಅಂಚಿನ ಹಿಮ ಕೊಡವಿದ. ಉತ್ತರ ಕೊಟ್ಟದ್ದು ರೊಟ್ಟಿ ಕೊಯ್ಯುತ್ತಿದ್ದ ನೆರೆಮನೆಯ ಹ್ಯಾನಾ. “ಬರೋದೆಲ್ಲಿ ಬಂತು ಟೇಸಿ? ಮಾಲನ್ ಕಳಿಸಿದ ಚಿತ್ರಗಳನ್ನೆಲ್ಲ ಒಲೆಗೆ ಹಾಕಿ ಕೈ ಕಾಯಿಸ್ಕೊಂಡಿರ್ತಾನೆ, ಇರೋ ಮೂರು ಬೆರಳನ್ನ.”

•

ಇಪ್ಪತ್ತು ವರ್ಷದ ಹಿಂದೆ ನೆಶಾಮಿನಿ ಹೊಳೆಯ ದಡದ ಸಭೆ ಎರಡಾಗಿ ಒಡೆದಿತ್ತು. ಯಾರ ಮೇಲೂ ಕೈ ಎತ್ತಬಾರದೆಂದು ನಂಬಿದ ಜನ ಸಭಾಮನೆಯ ಬಾಗಿಲಿಗಾಗಿ ನೂಕಾಡಿದರು. ಒಳಗಿನಿಂದ ಬಾಗಿಲು ದಬ್ಬಿದವನು ಮಾಲನ್. ಸಂದಿಯಲ್ಲಿ ಸಿಕ್ಕದ್ದು ಅಣ್ಣನ ಬಲಗೈ.

ಅಂದಿನಿಂದ, ಛತ್ರದ ಫಲಕಗಳಿಗೂ ಗಾಡಿಗಳಿಗೂ ಬಣ್ಣ ಬಳಿದು ಬದುಕುತ್ತಿದ್ದ ಮಾಲನ್ ಪ್ರತಿ ಚಳಿಗಾಲವೂ ಒಂದು ಹಲಗೆಯ ಮೇಲೆ ಬೈಬಲಿನ ಶಾಂತಿರಾಜ್ಯದ ಒಂದೇ ಚಿತ್ರ ಬರೆದು ಅಣ್ಣನಿಗೆ ಕಳಿಸಿದ. ಎತ್ತಿನ ಪಕ್ಕ ನಿಂತು ಹುಲ್ಲು ಮೇಯುವ ಸಿಂಹ, ಚಿರತೆಗೆ ಒರಗಿದ ಕುರಿಮರಿ. ಚಿತ್ರ ಅಂದ್ರೆ ಬರೀ ಶೋಕಿ ಎಂದು ಸಭೆಯ ಹಿರಿಯರು ಗೊಣಗಿದರು. ಅಣ್ಣ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ವರ್ಷ ಹೋದಂತೆ ಸಿಂಹದ ಕೂದಲು ನರೆಯಿತು, ಕಣ್ಣು ಗುಳಿಬಿದ್ದವು.

ಮೊನ್ನೆ ಮಾಲನ್ ಕೊನೆಯುಸಿರು ಎಳೆಯುತ್ತಲೇ ಹೇಳಿದ್ದ: “ಏಬರ್ ಬರೋತನಕ ನನ್ನ ಮುಚ್ಚಬೇಡ, ಟೇಸಿ.”

•

ಮಾಲನ್‌ನನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಸಭೆಯ ರೀತಿಯಂತೆ ಎಲ್ಲರೂ ಮೌನಪ್ರಾರ್ಥನೆಗೆ ಕುಳಿತರು. ಬೆಂಚುಗಳು ತುಂಬಿದವು, ಬಾಗಿಲ ಬಳಿಯ ಕುರ್ಚಿಯಲ್ಲಿ ಯಾರೂ ಕೂರದಂತೆ ಟೇಸಿ ತನ್ನ ಶಾಲು ಹಾಕಿಟ್ಟಿದ್ದಳು. ಬಿಸಿಲು ಕಿಟಕಿಯಿಂದ ಇಳಿದು ನೆಲ ಬಿಟ್ಟಿತು. ಹೂಳಲು ತೋಡಿಟ್ಟ ಗುಂಡಿ ಚಳಿಗೆ ಮತ್ತೆ ಹೆಪ್ಪುಗಟ್ಟೀತೆಂದು ಯಾರೋ ಪಿಸುಗುಟ್ಟಿದರು.

“ಸಾಕು ಕಣೇ, ಇನ್ನೆಷ್ಟು ಕಾಯ್ತೀಯ?” ಹ್ಯಾನಾ ಭುಜ ಮುಟ್ಟಿದಳು.

ಟೇಸಿ ಎದ್ದು ಗೋಣಿಯ ಗಂಟು ತಾನೇ ಬಿಚ್ಚಿದಳು. ಮುಚ್ಚಳದ ಹೊರಮೈ ಬೋಳು. ತಿರುವಿದಳು.

ಒಳಮೈಯಲ್ಲಿ ಏಬರ್ ತಮ್ಮನ ಚಿತ್ರದ ಎರಡು ಹಲಗೆ ಸೇರಿಸಿದ್ದ: ಮೊದಲ ವರ್ಷದ್ದು, ಹೋದ ಚಳಿಗಾಲದ್ದು. ಹೊಗೆಯ ಕಲೆ ಒಂದೂ ಇರಲಿಲ್ಲ.

ಅವಳು ಕುರ್ಚಿಯ ಮೇಲಿನ ಶಾಲು ತೆಗೆದು ಹೊದ್ದುಕೊಂಡಳು. “ಮುಚ್ಚಿ,” ಎಂದಳು.

ಮುಚ್ಚಳ ಇಳಿಯಿತು. ಮುದಿ ಸಿಂಹ ಮಾಲನ್‌ನ ಮುಖದ ಮೇಲೆ ಬಗ್ಗಿತು. ಪೆಟ್ಟಿಗೆಯ ಅಳತೆಗೆ ಸುತ್ತಲೂ ಕೊಯ್ದಿದ್ದರೂ, ಗರಗಸ ಒಂದು ಪ್ರಾಣಿಯನ್ನೂ ಮುಟ್ಟಿರಲಿಲ್ಲ.