ಮೊದಲ ತೀರ್ಥ

ಆವತ್ತು ಬೆಳಗ್ಗೆ ನಮ್ಮ ಕೆರೆ ಬೆಳ್ಳಗಿತ್ತು. ಮಂಜು ಬಿದ್ದಿದೆ ಅಂದುಕೊಂಡು ಆದಿಲಕ್ಷ್ಮಿ ಏರಿ ಹತ್ತಿದಳು. ಹತ್ತಿರ ಹೋಗಿ ನೋಡಿದರೆ ಮಂಜಲ್ಲ, ಮೀನಿನ ಹೊಟ್ಟೆ. ದಡದಿಂದ ದಡದವರೆಗೆ ಕಾಟ್ಲಾ, ರೋಹು, ಜಿಲೇಬಿ ಮೀನು, ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಸರಿನಲ್ಲೇ ಬದುಕುವ ಕೊರಮೀನು ಕೂಡ ದಡಕ್ಕೆ ತೆವಳಿ ಬಂದು ಬಾಯಿ ತೆರೆದುಕೊಂಡು ಸತ್ತಿತ್ತು. ಕೊಕ್ಕರೆಗಳು ಹುಣಸೇಮರದ ಮೇಲೆ ಕುಳಿತು ನೋಡುತ್ತಿದ್ದವು. ಒಂದೂ ಕೆಳಗಿಳಿಯಲಿಲ್ಲ.

ಆ ಮೀನು ಸಾಕಿದವನು ಅವಳ ಗಂಡ ಗಂಗಾಧರ. ಬೆರಳುದ್ದದ ಮರಿ ತಂದು ಕೆರೆಗೆ ಬಿಟ್ಟು, ಬೆಳೆದ ಮೇಲೆ ಬಲೆ ಬೀಸುತ್ತಿದ್ದ. ಆದಿಲಕ್ಷ್ಮಿ ಮೀನು ತುಂಬಿದ ಮಂಕರಿ ಹೊತ್ತು ಬಸ್ಸು ಹತ್ತಿ, ಮಾಲೂರು, ಶಿವಾರಪಟ್ಟಣದ ಕಡೆ ಮಾರಿ ಬರುತ್ತಿದ್ದಳು. ಈಗ ಗಂಗಾಧರ ಹರಿಗೋಲನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದ. ಸತ್ತ ಮೀನು ಎತ್ತಿಹಾಕಲು ನೀರಿಗಿಳಿದಿದ್ದ ಅವನ ಕಾಲು ಮೊಣಕಾಲಿನ ಕೆಳಗೆ ಸುಲಿದು ಕೆಂಪಾಗಿತ್ತು.

"ನೀರಲ್ಲ ಕಣೇ ಇದು, ಉರಿ" ಅಂದ.

ಆ ಉರಿ ಎಲ್ಲಿಂದ ಬಂತು ಅಂತ ಊರಿಗೆಲ್ಲ ಗೊತ್ತಿತ್ತು. ಮೇಲಿನ ದಿಣ್ಣೆಯಲ್ಲಿ ಕೋದಂಡರಾಮಪ್ಪನ ಕಾರ್ಖಾನೆ, ಬಟ್ಟೆಗೆ ಬಣ್ಣ ಹಾಕುವುದು. ಅಲ್ಲಿಯ ಟ್ಯಾಂಕರು ಕೆರೆಗೆ ನೀರು ತರುವ ಕಾಲುವೆಯ ಬಾಯಿಗೆ ಬಂದು ಪೈಪು ಬಿಚ್ಚುತ್ತಿತ್ತು. ಒಂದು ದಿನ ಕಾಲುವೆ ನೀಲಿ, ಒಂದು ದಿನ ಕೆಂಪು. ಯಾವ ಬಣ್ಣದ ಸೀರೆ ಪೇಟೆಗೆ ಹೋಯಿತು ಅಂತ ನಾವು ಕಾಲುವೆ ನೋಡಿ ಹೇಳಬಹುದಿತ್ತು.

ಜೀಪಿನಲ್ಲಿ ನೀರು ಪರೀಕ್ಷೆ ಮಾಡುವ ಸಾಹೇಬರೊಬ್ಬರು ಬಂದರು. ಮೂಗಿಗೆ ಕರ್ಚೀಫು ಹಿಡಿದೇ ಸೀಸೆಗೆ ನೀರು ತುಂಬಿಸಿಕೊಂಡರು.

"ಬಿಸಿಲು ಜಾಸ್ತಿ ಆಗಿದೆ. ಮೀನಿಗೆ ಉಸಿರು ಸಾಲದೆ ಹೀಗಾಗುತ್ತೆ" ಅಂದರು.

"ಮತ್ತೆ ನೀವ್ಯಾಕೆ ಸ್ವಾಮಿ ಮೂಗು ಮುಚ್ಕೊಂಡಿದೀರಾ? ನಿಮಗೂ ಬಿಸಿಲಾ?" ಅಂತ ಕೇಳಿದಳು ಗಂಗಾಧರನ ತಾಯಿ ಮುತ್ಯಾಲಮ್ಮ.

ಜನ ನಕ್ಕರು. ಸಾಹೇಬರು ಜೀಪು ಹತ್ತಿದರು. ಅವರ ಸೀಸೆ ಏನು ಹೇಳಿತೋ, ನಮಗೆ ಇವತ್ತಿಗೂ ತಿಳಿದಿಲ್ಲ.

ಸಮುದ್ರವನ್ನು ನಮ್ಮೂರಲ್ಲಿ ನೋಡಿದವರು ಕಡಿಮೆ. ಆದರೆ ನಮ್ಮ ಕೆರೆ ಕೋಡಿ ಬಿದ್ದರೆ ಆ ನೀರು ದಕ್ಷಿಣ ಪಿನಾಕಿನಿ ಸೇರಿ, ತಮಿಳುನಾಡು ದಾಟಿ ಸಮುದ್ರಕ್ಕೆ ಹೋಗುತ್ತದೆ ಅಂತ ಹಿರಿಯರು ಹೇಳುತ್ತಿದ್ದರು. ಕೋಡಿ ಬಿದ್ದ ದಿನ ಹೆಂಗಸರು ಅರಿಶಿನ ಕುಂಕುಮ ಬಿಟ್ಟು, ಗಂಗಮ್ಮ ತವರಿಗೆ ಹೊರಟಳು ಅಂತ ಕೈ ಮುಗಿಯುತ್ತಿದ್ದರು. ಈಗ ಆ ತಾಯಿಯ ಮಡಿಲಿಗೆ ಏನು ಕಟ್ಟಿ ಕಳಿಸುತ್ತಿದ್ದೇವೆ? ಅಲ್ಲಿಯ ಮೀನಿಗೂ ಇದೇ ಊಟ. ಅಲ್ಲೂ ಒಬ್ಬ ಆದಿಲಕ್ಷ್ಮಿ ಖಾಲಿ ಮಂಕರಿ ಹಿಡಿದು ನಿಂತಿರಬೇಕು.

ಊರು ಗೊಣಗತೊಡಗಿದಾಗ ಕೋದಂಡರಾಮಪ್ಪ ಒಂದು ಉಪಾಯ ಮಾಡಿದ. ಕೆರೆ ಏರಿಯ ಮೇಲೆ ಗಂಗಮ್ಮನಿಗೆ ಗುಡಿ ಕಟ್ಟಿಸಿದ. ವಿಗ್ರಹ ಶಿವಾರಪಟ್ಟಣದ ಶಿಲ್ಪಿ ಅಶ್ವತ್ಥಪ್ಪನ ಕೈಯಿಂದಲೇ ಆಗಬೇಕು ಅಂದ. ಊರು ಮೆತ್ತಗಾಯಿತು.

"ಗುಡಿ ಕಟ್ಟಿಸಿದೋನ ಮೇಲೆ ಕಂಪ್ಲೇಂಟ್ ಕೊಡೋಕಾಗ್ತದೇನಮ್ಮಾ?" ಅಂದ ಪಂಚಾಯ್ತಿ ಮೆಂಬರ್ ಶ್ರೀರಾಮಪ್ಪ.

ಆದಿಲಕ್ಷ್ಮಿ ಜಗಳ ಆಡಲಿಲ್ಲ. ಬಸ್ಸು ಹತ್ತಿ ಶಿವಾರಪಟ್ಟಣಕ್ಕೆ ಹೋದಳು. ಅಶ್ವತ್ಥಪ್ಪ ತಗಡಿನ ಚಪ್ಪರದ ಕೆಳಗೆ ಗಂಗಮ್ಮನ ವಾಹನ ಮೊಸಳೆಗೆ ಹಲ್ಲು ಕೆತ್ತುತ್ತಿದ್ದ. ಮೈಯೆಲ್ಲ ಕಲ್ಲಿನ ಪುಡಿ.

"ಬಾಮ್ಮಾ. ಮಂಕರಿ ಎಲ್ಲಿ?"

"ಮೀನೇ ಇಲ್ಲ, ಮಂಕರಿ ಯಾಕಣ್ಣಾ? ಅಮ್ಮನ ಮುಖ ಚೆನ್ನಾಗಿ ಬಂದಿದೆ. ಕಣ್ಣು ಮಾತ್ರ ಇಲ್ವಲ್ಲ?"

"ಕಣ್ಣು ಕೊನೇಗೆ. ಮೊದಲು ನೀರಲ್ಲಿ ಮಲಗಿಸ್ಬೇಕು, ಜಲಾಧಿವಾಸ. ಎದ್ದ ಮೇಲೆ ನಾನು ಉಳಿ ಹಿಡಿದು ಕಣ್ಣು ತೆಗೀತೀನಿ. ಅಲ್ಲೀವರೆಗೂ ಇದು ಕಲ್ಲೇ."

"ಯಾವ ನೀರಲ್ಲಿ?"

"ಯಾವ ಊರಿಗೆ ಹೋಗ್ತಾಳೋ ಆ ಊರ ನೀರಲ್ಲಿ."

"ಆ ನೀರನ್ನ ಆಮೇಲೆ ಏನ್ ಮಾಡ್ತೀರಿ?"

"ನಮ್ಮ ಕಡೆ ಪದ್ಧತಿ, ಅದು ತೀರ್ಥ. ಮಾಡಿಸಿದೋನು ಮೊದಲು ತಗೋಬೇಕು. ಅವನು ತಗೊಂಡ್ರೇನೇ ನಾನು ಉಳಿ ಮುಟ್ಟೋದು."

ಆದಿಲಕ್ಷ್ಮಿ ನಕ್ಕಳು. ಮೀನು ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅಶ್ವತ್ಥಪ್ಪ ಅವಳ ಮುಖ ನೋಡಿದ. ಕೈಯಲ್ಲಿದ್ದ ಉಳಿ ಕೆಳಗಿಟ್ಟ.

"ನಿಮ್ಮ ಕೆರೆ ಅಷ್ಟು ಕೆಟ್ಟಿದೆಯಾ?"

"ನಮ್ಮ ಯಜಮಾನ್ರ ಕಾಲು ಬಂದು ನೋಡಣ್ಣಾ. ಬೇರೇನೂ ಕೇಳಲ್ಲ. ಪದ್ಧತಿ ಒಂದನ್ನ ಬಿಡಬೇಡ."

"ಬಿಡಲ್ಲಮ್ಮಾ" ಅಂದ ಅಶ್ವತ್ಥಪ್ಪ.

ವಿಗ್ರಹವನ್ನು ಕೆರೆಯಲ್ಲೇ ಮಲಗಿಸುತ್ತೇನೆ ಅಂತ ಅಶ್ವತ್ಥಪ್ಪ ಅಂದಾಗ ಕೋದಂಡರಾಮಪ್ಪನಿಗೆ ಖುಷಿಯೇ ಆಯಿತು. "ಮಲಗಿಸಿ. ಕೆರೆ ಕೆಟ್ಟಿಲ್ಲ ಅಂತ ಪೇಪರಿನೋರೂ ನೋಡ್ಲಿ" ಅಂದ. ಪಂಚೆ ಎತ್ತಿಕೊಂಡು ಏರಿಯ ಮೇಲೆ ನಿಂತು ಫೋಟೋ ತೆಗೆಸಿಕೊಂಡ. ನೀರಿಗೆ ಮಾತ್ರ ಇಳಿಯಲಿಲ್ಲ.

ಪ್ರತಿಷ್ಠೆಯ ದಿನ ಗಂಗಮ್ಮನನ್ನು ಕೆರೆಯಿಂದ ಬಿದಿರಿನ ಮೇಲೆ ಎತ್ತಿ ತಂದರು. ಕರಿಕಲ್ಲಿನ ಮೈಗೆ ನೇರಳೆ ಬಣ್ಣದ ಜಿಡ್ಡು ಅಂಟಿತ್ತು. ಎತ್ತಿದ ಗಂಡಸರು ಕೈ ಕೆರೆದುಕೊಳ್ಳುತ್ತಿದ್ದರು. ಅಶ್ವತ್ಥಪ್ಪ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ದೇವಿಯ ಮುಂದೆ ಕುಳಿತ. ಉಳಿ ಮಡಿಲಲ್ಲೇ ಇತ್ತು.

"ಯಾಕಪ್ಪಾ, ಮುಹೂರ್ತ ಮೀರ್ತದೆ" ಅಂದ ಕೋದಂಡರಾಮಪ್ಪ.

"ಮೊದಲ ತೀರ್ಥ ಆಗ್ಲಿ ಸ್ವಾಮಿ."

ಪೂಜಾರಿ ಒಂದು ಕ್ಯಾನು ಮುಂದೆ ತಂದ. ಅಂಗಡಿಯ ನೀರು. ಸೀಲು ಕೂಡ ಬಿಚ್ಚಿರಲಿಲ್ಲ.

"ಇದರಲ್ಲಿ ಅಮ್ಮ ಮಲಗಿದ್ಲಾ?" ಅಂತ ಕೇಳಿದ ಅಶ್ವತ್ಥಪ್ಪ, ತಣ್ಣಗೆ.

ಆಗ ಆದಿಲಕ್ಷ್ಮಿ ಗುಂಪಿನಿಂದ ಹೊರಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಹಿತ್ತಾಳೆ ಚೊಂಬು. ದೇವಿ ಮಲಗಿದ್ದ ಜಾಗದಿಂದಲೇ ತುಂಬಿಸಿದ ನೀರು. ಮೇಲೆ ತುಳಸಿ ಎಲೆ.

"ಕೈ ಹಿಡೀರಿ ಸ್ವಾಮಿ. ನಮ್ಮ ಕೆರೆ ಗಂಗಮ್ಮ."

"ಆ ಚೊಂಬು ಆಚೆ ಇಡು."

"ಕೆರೆ ಚೆನ್ನಾಗಿದೆ ಅಂತ ನೀವೇ ಅಂದ್ರಲ್ಲ. ಒಂದೇ ಗುಟುಕು."

"ಏನ್ ತಮಾಷೇನಾ? ನಮ್ಮ ಮ್ಯಾನೇಜರ್ ತಗೋತಾನೆ. ಏನಯ್ಯಾ, ಬಾ ಇಲ್ಲಿ!"

ಮ್ಯಾನೇಜರ್ ಆಗಲೇ ಕಾರಿನ ಹಿಂದೆ ಹೋಗಿದ್ದ. ಮುತ್ಯಾಲಮ್ಮ ಗುಂಪಿನಿಂದ ಕೂಗಿದಳು, "ತಾಗವಯ್ಯಾ, ತಾಗು! ನಮ್ಮ ಮೀನು ಕುಡಿದ ನೀರೇ ಅದು!" ತೆಲುಗಿನಲ್ಲಿ ಕುಡಿ ಅಂದಳು, ಅರ್ಥವಾಗದವರು ಯಾರೂ ಅಲ್ಲಿರಲಿಲ್ಲ.

ಕೋದಂಡರಾಮಪ್ಪನ ಮಗಳು ಮೇಘನ ಪಕ್ಕದಲ್ಲೇ ಇದ್ದಳು. ಮದುವೆ ವಯಸ್ಸಿನ ಹುಡುಗಿ, ದೈವಭಕ್ತೆ. "ಅಪ್ಪಾ, ತೀರ್ಥ ಬೇಡ ಅನ್ನಬಾರದು. ನಾನು ತಗೋತೀನಿ ಬಿಡಿ" ಅಂತ ಅಂಗೈ ಚಾಚಿದಳು.

ಆದಿಲಕ್ಷ್ಮಿ ಚೊಂಬನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇದನ್ನು ನಾವು ಮುಚ್ಚಿಡುವುದಿಲ್ಲ. ಅವಳು ಆ ಹುಡುಗಿಯ ಮುಖ ನೋಡಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತ ಚೊಂಬು ಬಗ್ಗಿಸಿದಳು. ನೇರಳೆ ನೀರು ಅಂಗೈಗೆ ಬಿತ್ತು. ಹುಡುಗಿ ಕೈಯನ್ನು ತುಟಿಯ ಹತ್ತಿರ ತಂದಳು.

"ಬೇಡ!" ಕೋದಂಡರಾಮಪ್ಪ ಮಗಳ ಕೈಗೆ ಹೊಡೆದ. "ಕುಡೀಬೇಡ ಮೇಘೂ! ವಿಷ ಅದು! ಸಾಯ್ತೀಯಾ!"

ಓಲಗ ನಿಂತಿತು.

ಅಷ್ಟು ಜನ ಸೇರಿದ್ದ ಏರಿಯ ಮೇಲೆ ಕೊಕ್ಕರೆ ರೆಕ್ಕೆ ಬಡಿದದ್ದೂ ಕೇಳಿಸಿತು. ಮೇಘನ ಒದ್ದೆ ಅಂಗೈಯನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು.

"ನಿಮಗೆ ಗೊತ್ತಿತ್ತಾ ಅಪ್ಪಾ?"

ಆದಿಲಕ್ಷ್ಮಿ ಸೆರಗಿನಿಂದ ಆ ಹುಡುಗಿಯ ಕೈ ಒರೆಸಿದಳು.

"ಎಲ್ರೂ ಕೇಳಿಸ್ಕೊಂಡ್ರಾ?" ಅಂದಳು. "ಸಾಹೇಬರ ಸೀಸೆ ಮಾತಾಡ್ಲಿಲ್ಲ. ಅಮ್ಮ ಇವನ ಬಾಯಲ್ಲೇ ಹೇಳಿಸಿದ್ಲು."

ಕಂಪ್ಲೇಂಟ್ ಬೇಡ ಅಂದಿದ್ದ ಶ್ರೀರಾಮಪ್ಪನೇ ಮೊದಲು ಬಿದಿರಿಗೆ ಹೆಗಲು ಕೊಟ್ಟ. ದೇವಿಯನ್ನು ಗುಡಿಗೆ ಒಯ್ಯಲಿಲ್ಲ. ಟ್ಯಾಂಕರು ಪೈಪು ಬಿಚ್ಚುವ ಕಾಲುವೆಯ ಬಾಯಿಗೆ ಹೊತ್ತುಕೊಂಡು ಹೋಗಿ, ದಾರಿಯ ನಟ್ಟನಡುವೆ ಕಲ್ಲು ಕಟ್ಟಿ ನಿಲ್ಲಿಸಿದೆವು. ಅಶ್ವತ್ಥಪ್ಪ ಉಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡ.

"ಕಣ್ಣು?" ಅಂತ ಕೇಳಿದೆವು.

"ಕೆರೇಲಿ ಮೀನು ಕಣ್ಣು ಬಿಡ್ಲಿ. ಅವತ್ತು ಬರ್ತೀನಿ."

ಟ್ಯಾಂಕರು ಬಂತು. ಡ್ರೈವರು ಇಳಿದು, ಕಣ್ಣಿಲ್ಲದ ತಾಯಿಯನ್ನು ನೋಡಿ, ಚಪ್ಪಲಿ ಬಿಟ್ಟು ಕೈ ಮುಗಿದು, ಗಾಡಿಯನ್ನು ರಿವರ್ಸ್ ತೆಗೆದುಕೊಂಡು ಹೋದ. ಬೇರೆ ದಾರಿ ಹುಡುಕಿಯಾರು, ಗೊತ್ತು. ಅಲ್ಲೂ ಹೋಗಿ ನಿಲ್ಲುತ್ತೇವೆ.

ಕ್ಷಮೆ ದೊಡ್ಡ ಗುಣ ಅಂತ ಕಥೆ ಹೇಳುವವರು ಹೇಳುತ್ತಾರೆ. ಕೆರೆ ತಿಳಿಯಾಗಲಿ, ಆಮೇಲೆ ಯೋಚಿಸುತ್ತೇವೆ. ಈಗ ಪ್ರತಿ ಶುಕ್ರವಾರ ನಮ್ಮೂರ ಹೆಂಗಸೊಬ್ಬಳು ಬಸ್ಸು ಹತ್ತಿ ಮಾಲೂರಿಗೆ ಹೋಗುತ್ತಾಳೆ. ಕೋದಂಡರಾಮಪ್ಪನ ಮನೆಯ ಗೇಟಿನ ಮುಂದೆ ಸಗಣಿ ಸಾರಿಸಿ, ರಂಗೋಲಿ ಹಾಕಿ, ಮೇಲೆ ಒಂದು ಚೊಂಬು ಕೆರೆ ನೀರು ಇಡುತ್ತಾಳೆ. ಬೈಯುವುದಿಲ್ಲ, ಕೂಗಾಡುವುದಿಲ್ಲ. ಕಾವಲಿನವನು ಅದನ್ನು ಮುಟ್ಟುವುದಿಲ್ಲ, ದಾಟುವುದೂ ಇಲ್ಲ. ಒಳಗೆ ಮೊಗಮಾಡಿ ಕೂಗುತ್ತಾನೆ:

"ಸ್ವಾಮೀ, ತೀರ್ಥ ಬಂದಿದೆ."