ಒಡೆದ ಶಂಖದ ಬಳೆ

ನಾನು ಒಂದು ಬಳೆ. ಇಡೀ ಬಳೆಯಲ್ಲ, ಬಳೆಯ ಚೂರು. ಒಡೆದ ಬಳೆ ಕಂಡರೆ ಮುಖ ತಿರುಗಿಸುವವರು ಈಗಲೇ ಎದ್ದು ಹೋಗಬಹುದು. ನಾನಂತೂ ನಾಚಿಕೊಂಡು ಮೂಲೆ ಸೇರುವವಳಲ್ಲ.

ಸಿಂಧೂ ಸೀಮೆಯ ಕಡಲಂಚಿನ ಒಂದು ಪಟ್ಟಣದಲ್ಲಿ ನಾನು ಹುಟ್ಟಿದೆ. ಮುದುಕಿಯೊಬ್ಬಳು ದೊಡ್ಡ ಶಂಖವೊಂದನ್ನು ಮೊಣಕಾಲ ನಡುವೆ ಇರುಕಿಕೊಂಡು, ಕಂಚಿನ ಗರಗಸದಿಂದ ಅಡ್ಡಡ್ಡ ಕೊಯ್ದಳು. ಆಮೇಲೆ ಮರಳುಕಲ್ಲಿಗೆ ಉಜ್ಜಿ ಉಜ್ಜಿ ನುಣುಪು ಮಾಡಿದಳು. ಶಂಖದ ಪುಡಿ ಎದೆಗೆ ಸೇರಿ ಅವಳಿಗೆ ಸದಾ ಕೆಮ್ಮು. ನನ್ನ ಬಿಳುಪನ್ನು ಹೊಗಳಿದವರು ಯಾರೂ ಆ ಕೆಮ್ಮನ್ನು ಕೇಳಿದವರಲ್ಲ.

ನನ್ನನ್ನು ತೊಟ್ಟವಳು ಅಲರಿ, ಹಡಗು ನಡೆಸುವವನ ಮಗಳು. ತಾಯಿ ಇಲ್ಲದ ಕೂಸು. ಅವಳ ಎಡಗೈಗೆ ಎಣ್ಣೆ ಸವರಿ, ನೆರೆಮನೆಯ ಹೆಂಗಸರು ನನ್ನನ್ನು ಏರಿಸಿದರು. ಅಲ್ಲಿಯ ಪದ್ಧತಿಯೇ ಹಾಗೆ. ಎಳೆಯ ಕೈಗೆ ತೊಡಿಸಿದ ಶಂಖದ ಬಳೆ ಮತ್ತೆ ಈಚೆಗೆ ಬರುವುದಿಲ್ಲ. ಕೈ ಬೆಳೆಯುತ್ತದೆ, ಬಳೆ ಅಲ್ಲೇ ಉಳಿಯುತ್ತದೆ. ಸತ್ತಾಗ ಬಳೆಯ ಸಮೇತ ಮಣ್ಣು ಮಾಡುತ್ತಾರೆ. ಬದುಕಿದ್ದಾಗಲೇ ಬಳೆ ಒಡೆದುಕೊಂಡವಳು ಊರಿನ ಪಾಲಿಗೆ ಸತ್ತವಳೇ. ಅವಳ ಹೆಸರೆತ್ತಿ ಯಾರೂ ಕರೆಯುವುದಿಲ್ಲ.

ಅಲರಿಯ ಮಣಿಕಟ್ಟಿನ ಎತ್ತರದಿಂದ ನಾನು ಆ ಪಟ್ಟಣವನ್ನು ಕಂಡೆ. ಬೀದಿಗಳು ನೂಲು ಹಿಡಿದ ಹಾಗೆ ನೆಟ್ಟಗೆ. ಸಿರಿವಂತನ ಮನೆಗೂ ಕುಂಬಾರನ ಮನೆಗೂ ಒಂದೇ ಅಳತೆಯ ಇಟ್ಟಿಗೆ. ಮನೆಮನೆಯ ಬಚ್ಚಲ ನೀರು ಬೀದಿಯ ಮುಚ್ಚಿದ ಚರಂಡಿಗೆ ಇಳಿಯುತ್ತಿತ್ತು. ಹಿರಿಯರು ಕೂತು ಊರಿನ ನ್ಯಾಯ ಹೇಳುತ್ತಿದ್ದರು. ಅರಮನೆ ಎಂಬುದನ್ನು ನಾನು ಅಲ್ಲಿ ನೋಡಲಿಲ್ಲ. ಸ್ವರ್ಗವಾಗಿತ್ತೆಂದು ಹೇಳುತ್ತಿಲ್ಲ. ಆ ಹಿರಿಯರ ಮಾತು ಮೀರಿದವಳಿಗೆ ಬೀದಿಯ ಬಾವಿಯಲ್ಲಿ ನೀರು ಸಿಗುತ್ತಿರಲಿಲ್ಲ.

ಅಲರಿ ದೊಡ್ಡವಳಾದ ಮೇಲೆ ತಂದೆ ಅವಳನ್ನೂ ಹಡಗಿಗೆ ಹತ್ತಿಸಿಕೊಂಡ. ತೇಗದ ಮರ, ಕೆಂಪು ಮಣಿ, ಎಳ್ಳೆಣ್ಣೆ ತುಂಬಿಕೊಂಡು ಪಡುವಣಕ್ಕೆ ಹೊರಟೆವು. ನಡುದಾರಿಯ ದ್ವೀಪವೊಂದರಲ್ಲಿ ಸಿಹಿನೀರು ಹಿಡಿಯುವಾಗ ಒಬ್ಬ ಮುದಿ ನಾವಿಕ ಸಿಕ್ಕಿದ. ಇನ್ನೂ ಪಡುವಣಕ್ಕೆ ಹೋದರೆ ನೈಲ್ ಎಂಬ ನದಿ ಇದೆಯಂತೆ, ಅಲ್ಲಿ ಅರಸನೇ ದೇವರಂತೆ, ಅವನು ಸತ್ತು ಮಲಗಲೆಂದು ಜನ ಬೆಟ್ಟದಷ್ಟು ಕಲ್ಲು ಪೇರಿಸುತ್ತಾರಂತೆ. ಬದುಕಿರುವವರ ಮನೆ ಯಾವುದರದು ಎಂದು ಅಲರಿ ಕೇಳಿದಳು. ಬರೀ ಹಸಿ ಇಟ್ಟಿಗೆಯದು ಎಂದು ಅವನು ನಕ್ಕ.

ನಾವು ಇಳಿದದ್ದು ಸುಮೇರ್ ನಾಡಿನಲ್ಲಿ, ಊರ್ ಎಂಬ ನಗರದಲ್ಲಿ. ಅಲ್ಲಿ ಎತ್ತರದ ಜಗುಲಿಯ ಮೇಲೆ ಚಂದ್ರದೇವರ ಗುಡಿ. ಅರಸನೂ ಇದ್ದ, ಅರಮನೆಯೂ ಇತ್ತು. ಕುರಿಯ ಲೆಕ್ಕದಿಂದ ಹಿಡಿದು ದೇವರ ಹಾಡಿನವರೆಗೆ ಎಲ್ಲವನ್ನೂ ಹಸಿಮಣ್ಣಿನ ಹಲಗೆಯಲ್ಲಿ ಕೊರೆದಿಡುತ್ತಿದ್ದರು. ಆ ಹಾಡುಗಳೆಂದರೆ ಅಲರಿಗೆ ಪ್ರಾಣ. ಹೆಂಗಸರು ಹೆಂಡದಂಗಡಿ ಇಟ್ಟು ಗಂಡಸರನ್ನು ಗದರಿಸುವುದನ್ನು ನೋಡಿ ಅವಳಿಗೆ ಖುಷಿಯೋ ಖುಷಿ.

ಆದರೆ ಜ್ವರ ಬಂದು ತಂದೆ ತೀರಿಕೊಂಡ. ಹೊಟ್ಟೆಪಾಡಿಗಾಗಿ ಅವಳು ಅರಸನ ಅತ್ತಿಗೆ ನಿನ್‌ಬಾರಾಳ ಮನೆಗೆ ತಲೆ ಬಾಚುವ ಕೆಲಸಕ್ಕೆ ಸೇರಿದಳು. ಕೂಲಿಗೆ ಜವೆಗೋಧಿ ಅಳೆದು ಕೊಡುತ್ತಿದ್ದರು. ಅಲ್ಲಿ ತಂತಿವಾದ್ಯ ನುಡಿಸುವ ಗೆಮೆ ಎಂಬ ಹುಡುಗಿ ಗೆಳತಿಯಾದಳು. ನಿಮ್ಮ ಅರಸ ಯಾರೇ ಎಂದು ಗೆಮೆ ಮೊದಲ ದಿನವೇ ಕೇಳಿದ್ದಳು.

"ಅರಸನ್ನ ನಾನು ನೋಡಿಲ್ಲ ಕಣೆ. ಚರಂಡಿ ನೋಡ್ಕೊಳ್ಳೋರು ಇದಾರೆ."

ಚರಂಡಿ ಕಾಯುವವರ ರಾಜ್ಯದಿಂದ ಬಂದ ರಾಣಿ ಎಂದು ಮನೆಯ ಆಳುಗಳೆಲ್ಲ ಅವಳನ್ನು ಛೇಡಿಸಿದರು. ಅಲರಿ ಸುಮ್ಮನಿರಲಿಲ್ಲ. ನಿಮ್ಮ ರಾಜನ ಬೀದಿಯಲ್ಲಿ ಮೂಗು ಹಿಡಿಯದೆ ನಡೆದು ತೋರಿಸಿ ಎಂದಳು.

ಹೀಗೆ ನಗುತ್ತ ಇದ್ದ ಮನೆಯಲ್ಲಿ ನಿನ್‌ಬಾರಾ ಸತ್ತಳು.

ಆ ಮನೆಯ ಪಾರುಪತ್ಯಗಾರ ಲುನನ್ನಾ ಗುಡಿಯ ಅರ್ಚಕನೊಬ್ಬನನ್ನು ಕರೆದುಕೊಂಡು ಅಂಗಳಕ್ಕೆ ಬಂದು ನಿಂತ. ಒಡತಿಯ ಜೊತೆ ಗೋರಿಯ ಕುಣಿಗೆ ಇಳಿಯುವವರು ಯಾರು ಯಾರೆಂದು ಒಂದೇ ದನಿಯಲ್ಲಿ ಹೇಳಿದ. ಗಾಡಿ ಹೊಡೆಯುವವರು, ಕಾವಲಿನವರು, ವಾದ್ಯದ ಗೆಮೆ, ತಲೆ ಬಾಚುವ ಅಲರಿ. ಸತ್ತ ಮೇಲೂ ಒಡತಿಗೆ ತಲೆ ಬಾಚಬೇಕಲ್ಲ. ಸ್ನಾನ ಮಾಡಿ, ಮನೆಯವರು ಕೊಡುವ ಚಿನ್ನದೆಲೆಯ ದಂಡೆ ಮುಡಿದು, ಬಟ್ಟಲಲ್ಲಿದ್ದದ್ದನ್ನು ಕುಡಿದು ಮಲಗಿದರೆ ಆಯಿತು. ಕಟ್ಟಳೆ ಎರಡೇ: ಸ್ವಂತದ್ದೇನೂ ಮೈಮೇಲಿರಬಾರದು, ಮೈಯಲ್ಲಿ ಊನವಿರಬಾರದು. ಊನವಾದವರನ್ನು ಕಳಿಸಿದರೆ ಕೆಳಲೋಕದ ದೇವತೆ ಒಡತಿಯನ್ನೇ ಬಾಗಿಲಲ್ಲಿ ತಡೆಯುತ್ತಾಳೆ.

ಅಲರಿಯ ಕೈ ತಣ್ಣಗಾದದ್ದು ನನಗೆ ಮೊದಲು ಗೊತ್ತಾಯಿತು. ನಾಡಿ ನನ್ನನ್ನು ಗುದ್ದುತ್ತಿತ್ತು. ಅವಳ ಊರಿನಲ್ಲಿ ಸತ್ತವರ ಜೊತೆ ನಾಲ್ಕು ಮಡಕೆ ಹೋಗುತ್ತಿದ್ದವು, ಜೀವ ಹೋಗುತ್ತಿರಲಿಲ್ಲ.

ಗೆಮೆ ಹೆದರಲಿಲ್ಲ. ಅಲ್ಲೂ ನಮ್ಮನ್ನು ಹೀಗೇ ಸಾಕುತ್ತಾರಂತೆ, ಹಸಿವಿನ ಮಾತೇ ಇಲ್ಲವಂತೆ ಎಂದು ತಲೆಗೆ ದಂಡೆ ಸಿಕ್ಕಿಸಿಕೊಳ್ಳುತ್ತಿದ್ದಳು. ಹುಟ್ಟಿದಾಗಿನಿಂದ ಅವಳ ಕಿವಿಗೆ ಬಿದ್ದದ್ದು ಅದೊಂದೇ ಮಾತು.

ಲುನನ್ನಾ ಅಲರಿಯ ಕೈ ಹಿಡಿದು, ಎಣ್ಣೆ ಹಾಕಿಸಿ, ನನ್ನನ್ನು ಎಳೆಸಿದ. ನಾನು ಜಗ್ಗಲಿಲ್ಲ. ಗರಗಸ ತರಲು ಆಳನ್ನು ಅಟ್ಟಿದ. ಆಗ ಅಲರಿ ಕೈ ಕೊಸರಿಕೊಂಡು ಹೊಸಿಲ ಬಳಿಗೆ ನಡೆದಳು. ಒಂದು ಸಲ ನನ್ನನ್ನು ನೋಡಿದಳು. ನನ್ನನ್ನು ಒಡೆದರೆ ತನ್ನ ಊರಿಗೆ ಮತ್ತೆ ಕಾಲಿಡುವ ಹಾಗಿಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಒಳಗೊಳಗೇ ಕೂಗಿದೆ: ಒಡಿ, ಅಲರಿ.

ಕಲ್ಲಿನ ಹೊಸಿಲಿಗೆ ಅವಳು ಮಣಿಕಟ್ಟನ್ನು ಅಪ್ಪಳಿಸಿದಳು. ನಾನು ಮೂರು ಚೂರಾದೆ. ನನ್ನ ಹರಿತವಾದ ಅಂಚನ್ನು ಹಿಡಿದು ಮುಂಗೈಯಿಂದ ಮೊಣಕೈವರೆಗೆ ತಾನೇ ಎಳೆದುಕೊಂಡಳು. ರಕ್ತ ಅಂಗಳಕ್ಕೆ ತೊಟ್ಟಿಕ್ಕಿತು.

"ನೋಡಿ ಧಣಿ," ಎಂದಳು. ದನಿ ಏರಲೇ ಇಲ್ಲ. "ನಮ್ಮೂರಲ್ಲಿ ಈ ಬಳೆ ಹೋದೋಳು ಸತ್ತೋಳು. ಸತ್ತೋಳನ್ನ ಇನ್ನೊಂದು ಸಲ ಸಾಯಿಸೋಕೆ ನಿಮ್ಮ ಚಂದ್ರದೇವರಿಗೂ ಆಗಲ್ಲ. ನಿಮ್ಮೂರಿನ ಕಟ್ಟಳೆ ನೋಡಿದ್ರೆ ನನ್ನ ಮೈ ಊನ ಆಯ್ತು. ಯಾವ ಊರಿನ ನ್ಯಾಯ ಬೇಕೋ ಹೇಳಿ, ಎರಡರಲ್ಲೂ ನಾನು ನಿಮ್ಮ ಕುಣಿಗೆ ಬರೋಳಲ್ಲ."

ಲುನನ್ನಾ ಅರ್ಚಕನ ಮುಖ ನೋಡಿದ. ಅರ್ಚಕ ನೆಲದ ಮೇಲಿನ ರಕ್ತ ನೋಡಿ ಹಿಂದೆ ಸರಿದ. ಇನ್ನೊಬ್ಬಳನ್ನು ಹುಡುಕಲು ಹೊತ್ತಿರಲಿಲ್ಲ, ಮೆರವಣಿಗೆಯ ನಗಾರಿ ಆಗಲೇ ಶುರುವಾಗಿತ್ತು.

"ಹಿತ್ತಿಲಿಂದ ಆಚೆಗೆ ಹಾಕಿ ಈ ಅನಿಷ್ಟಾನ," ಎಂದ ಲುನನ್ನಾ.

ಅಲರಿ ನನ್ನ ದೊಡ್ಡ ಚೂರನ್ನು ಸೆರಗಿನ ಗಂಟಿಗೆ ಹಾಕಿಕೊಂಡು ಗೆಮೆಯ ಕೈ ಹಿಡಿದಳು. ನೀನೂ ಬಾ ಎಂದು ಜಗ್ಗಿದಳು. ಗೆಮೆಯ ನಗು ಆಗ ಮೊದಲ ಸಲ ನಿಂತಿತು.

"ಒಡೆಯೋಕೆ ನನ್ನ ಕೈಲಿ ಏನಿದೆಯೇ?" ಎಂದಳು ಗೆಮೆ.

ಅಲರಿ ನನ್ನನ್ನೇ ಚಾಚಿದಳು. ಗೆಮೆ ಮುಟ್ಟಲಿಲ್ಲ. ಆಳುಗಳು ಅವರಿಬ್ಬರನ್ನು ಬಿಡಿಸಿದರು. ಆಮೇಲೆ ಗೋಡೆಯಾಚೆಯಿಂದ ವಾದ್ಯದ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಅದು ನಿಂತದ್ದೂ ಕೇಳಿಸಿತು.

ಅಲರಿ ಊರಿಗೆ ಮರಳಲಿಲ್ಲ. ಬಂದರಿನ ಬದಿಯಲ್ಲಿ ಸಿಂಧೂ ಕಡೆಯ ಹಡಗಿನವರ ಕೇರಿಯೊಂದಿತ್ತು. ಅಲ್ಲಿಯ ಹೆಂಗಸರು ಅವಳ ಬರಿಗೈ ನೋಡಿ ಬಾಗಿಲು ಹಾಕಿಕೊಂಡರು. ಅವಳು ಕೇರಿಯ ಕೊನೆಯಲ್ಲಿ ಜೊಂಡಿನ ಗುಡಿಸಲು ಹಾಕಿ ಬಲೆ ಹೆಣೆದು ಬದುಕಿದಳು. ಒಂದು ವರ್ಷ ಹೊಳೆ ಉಕ್ಕಿದಾಗ ಪಕ್ಕದ ಮನೆಯ ಬಸುರಿಗೆ ನೋವು ಬಂತು, ಸೂಲಗಿತ್ತಿ ಹೊಳೆಯಾಚೆ ಸಿಕ್ಕಿಬಿದ್ದಿದ್ದಳು. ಅಲರಿ ಕರೆಯದೆಯೇ ಒಳಗೆ ಹೋದಳು. ಮಗು ಬಂದಾಗ ಸೆರಗಿನ ಗಂಟು ಬಿಚ್ಚಿ ನನ್ನನ್ನು ಬಿಸಿನೀರಿಗೆ ಅದ್ದಿದಳು. ಆ ಮಗುವಿನ ಹೊಕ್ಕುಳಬಳ್ಳಿ ಕೊಯ್ದದ್ದು ನಾನು.

ಬಾಣಂತಿಯ ಅತ್ತೆ ಗೊಣಗಿದಳು. ಒಡೆದ ಬಳೆ, ಅದೂ ಸತ್ತವಳ ಬಳೆ ಎಂದಳು. ಮಗು ಮಾತ್ರ ಜೋರಾಗಿ ಅತ್ತಿತು. ಆಮೇಲೆ ಕೇರಿಯವರು ಒಬ್ಬೊಬ್ಬರಾಗಿ ಬಂದು ಅಲರಕ್ಕ ಎಂದು ಕರೆಯತೊಡಗಿದರು. ಅತ್ತೆಯೂ ಕರೆದಳು, ಮಗಳ ಹೆರಿಗೆಗೆ. ಸುಮೇರಿನ ಬಸುರಿಯರೂ ಬಂದರು. ಯಾವ ದೇವರ ಒಕ್ಕಲಾದರೂ ಬಳ್ಳಿ ಒಂದೇ ಥರ ಇರುತ್ತದೆ ಎಂಬುದನ್ನು ನಾನು ಆಗ ಕಂಡುಕೊಂಡೆ.

ಅಲರಿ ಮುದುಕಿಯಾಗಿ ಸತ್ತಳು. ಅವಳ ನಂತರ ನಾನು ಇನ್ನೆರಡು ಕೈ ದಾಟಿ, ಅಂಚು ಸವೆದು, ಗೋಡೆಯ ಬುಡದ ಮಣ್ಣಿಗೆ ಸೇರಿದೆ. ಕಾಲ ಕಳೆದಂತೆ ನದಿ ದೂರ ಸರಿಯಿತು, ಬಂದರು ಬಯಲಾಯಿತು. ಬಹಳ ತಡವಾಗಿ ಅಗೆಯುವವರು ಬಂದರು. ಅವರಿಗೆ ಅರಸರ ಗೋರಿ ಬೇಕಿತ್ತು. ನನ್ನನ್ನು ಸುಣ್ಣದ ಚೂರೆಂದು ಮಣ್ಣಿನ ಗುಡ್ಡೆಗೆ ಎಸೆದರು. ಇಲ್ಲೇ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತ ಬಿದ್ದಿದ್ದೇನೆ.

ನನಗೆ ಬೇಸರವಿಲ್ಲ. ಚಿನ್ನದೆಲೆ ಮುಡಿದವರೆಲ್ಲ ಗೋರಿಯಲ್ಲಿ ಸಿಕ್ಕರು, ಗೆಮೆಯೂ ಸಿಕ್ಕಿರಬೇಕು. ಅಲರಿಯನ್ನು ಅಲ್ಲಿ ಹುಡುಕಬೇಡಿ. ನಾನು ಕೊಯ್ದ ಬಳ್ಳಿಗಳ ಆಚೆ ತುದಿಯಲ್ಲಿ ಯಾರು ಯಾರು ಎದ್ದು ಓಡಿದರೋ, ಅವರ ಮಕ್ಕಳು ಇವತ್ತು ಯಾವ ಯಾವ ಬೀದಿಯಲ್ಲಿ ನಡೆಯುತ್ತಿದ್ದಾರೋ, ಅಲ್ಲಿ ಹೋಗಿ ಕೇಳಿ. ಒಡೆದ ಬಳೆ ಅಪಶಕುನ ಅನ್ನುವ ಮಾತನ್ನು ಅವರ ಮುಖ ನೋಡಿ ಹೇಳಿ.