ಪಳಗಿದ ಕೈ

ತುಮಕೂರಿನ ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜೊಂದರಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಹಮಾಲರ ಮೇಸ್ತ್ರಿ. ಏಪ್ರಿಲ್‌ನಲ್ಲಿ ಹೊರಗೆ ಡಾಂಬರು ಕಾಲಿಗೆ ಅಂಟುತ್ತದೆ. ಒಳಗೆ ನಾಲ್ಕು ಡಿಗ್ರಿ. ಮೊದಲ ವಾರ ಹೊಸಬರಿಗೆ ಬೆರಳು ಕೊಯ್ದಂತೆ ನೋಯುತ್ತದೆ. "ನೋವು ನಿಂತ್ರೆ ಕೈ ಪಳಗಿತು ಅಂತ ತಿಳ್ಕೊಳ್ಳಿ" ಎಂದು ಎಲ್ಲರಿಗೂ ಹೇಳಿಕೊಟ್ಟವನು ನಾನೇ. ಕೈಗವಸು ಹಾಕಿದರೆ ಚೀಲ ಜಾರುತ್ತದೆ, ಬಿಚ್ಚಿಡಿ ಎಂದವನೂ ನಾನೇ.

ಗುಬ್ಬಿಯಿಂದ ಬರುತ್ತಿದ್ದ ಚನ್ನವೀರಯ್ಯನ ಕೈ ಎಲ್ಲರಿಗಿಂತ ಚೆನ್ನಾಗಿ ಪಳಗಿದೆ ಎಂದು ಹೊಗಳುತ್ತಿದ್ದೆವು. ಈ ಸೀಸನ್‌ನಲ್ಲಿ ಒಂದು ದಿನ ಅವನು ಒಳಗೆ ಒಡೆದ ಚೀಲ ಹೊಲಿಯುತ್ತಿದ್ದ. ದಬ್ಬಳ ಎಡಗೈ ಬೆರಳನ್ನೇ ಹೊಕ್ಕು ಆಚೆ ಬಂದಿತ್ತು. ಅವನು ದಾರ ಎಳೆಯುತ್ತಲೇ ಇದ್ದ.

"ಏನಯ್ಯಾ, ಚೀಲ ಹೊಲೀತಿದೀಯೋ, ಕೈ ಹೊಲ್ಕೊತಿದೀಯೋ?"

ನೋಡಿಕೊಂಡವನ ಮುಖ ಬಿಳುಚಿತು. "ಮನೇಲಿ ಹೇಳ್ಬೇಡಿ ಮೇಸ್ತ್ರಿ."

ಬಟವಾಡಿ ಬಡಾವಣೆಯ ಡಾಕ್ಟರಮ್ಮ ಅವನ ಕಣ್ಣು ಮುಚ್ಚಿಸಿ ಸೂಜಿಯಿಂದ ಮುಟ್ಟಿದರು. ಎಡಗೈಯಲ್ಲಿ ಬೆರಳಿಗೂ ಸ್ಪರ್ಶ ಇಲ್ಲ, ಅಂಗೈಗೂ ಇಲ್ಲ. ಅವನು ಒಮ್ಮೆಯೂ ಹ್ಞೂಂ ಅನ್ನಲಿಲ್ಲ.

"ಚಳೀಲಿ ಮೈ ಮೊದಲು ಎದೆ, ತಲೆ ಉಳಿಸ್ಕೊಳ್ಳತ್ತೆ. ರಕ್ತ ಒಳಕ್ಕೆ ಎಳ್ಕೊಂಡು ಕೈ ಬೆರಳನ್ನ ಬಿಟ್ಟುಬಿಡತ್ತೆ. ವರ್ಷಗಟ್ಟಲೆ ಹಿಂಗಾದ್ರೆ ನರ ಹಾಳಾಗತ್ತೆ. ನೋವಿದ್ದಾಗ್ಲೇ ಬರ್ಬೇಕಿತ್ತು" ಎಂದರು.

ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

"ವಾಪಸ್ ಬರತ್ತಾ?" ಎಂದ ಚನ್ನವೀರಯ್ಯ.

"ಚಳಿ ಬಿಟ್ಟು ಮೂರು ತಿಂಗಳು ಇರಿ. ಆಮೇಲೆ ನೋಡೋಣ."

ಬಸ್ ಸ್ಟಾಪಿನಲ್ಲಿ ಅವನೇ ಬಾಯಿಬಿಟ್ಟ. "ಕೆಲಸದ ಚಿಂತೆ ಅಲ್ಲ ಮೇಸ್ತ್ರಿ. ಪೂಜೇಲಿ ಲಿಂಗ ಅಂಗೈಲಿದ್ರೂ ಇಲ್ಲ ಅನ್ಸತ್ತೆ. ಎರಡು ಸಲ ಜಾರ್ತು, ಮಡಿಲಿಗೆ ಬಿತ್ತು. ಈಗ ಕಣ್ಣು ಮುಚ್ಚೋಕೇ ಭಯ. ಬಿಟ್ಕೊಂಡೇ ಜಪ ಮಾಡ್ತೀನಿ, ಕಳ್ಳನ್ ಥರ."

"ಹೆಂಡ್ತಿಗೆ ಹೇಳು."

"ಹೆಂಗೆ ಹೇಳ್ಲಿ?"

ಅವನನ್ನು ಗೇಟಿನ ಹತ್ತಿರ, ಲಾರಿ ನಂಬರ್ ಬರೆಯಲು ಹಾಕಿಸಿದೆ. ಒಳಗೆ ಹೋಗುವವರಿಗೆ ಕೈಗವಸು ತೊಡಿಸಿದೆ. "ಈಗ್ಯಾಕೆ ಮೇಸ್ತ್ರಿ?" ಎಂದು ಕೇಳಿದರು. ಇನ್ನೊಂದು ಜೊತೆ ಎತ್ತಿ ಕೊಟ್ಟೆ.

ಮೂರು ತಿಂಗಳಾದ ಮೇಲೆ, ಅವನ ರಜೆಯ ದಿನ, ಬೆಳಿಗ್ಗೆ ಗುಬ್ಬಿಗೆ ಹೋದೆ. ಬಾಗಿಲು ತೆರೆದಿತ್ತು. ಚನ್ನವೀರಯ್ಯ ಪೂಜೆಗೆ ಕೂತಿದ್ದ. ಎಡ ಅಂಗೈಯಲ್ಲಿ ಲಿಂಗ, ಕಣ್ಣು ಮುಚ್ಚಿತ್ತು.

ಕ್ಷಣಹೊತ್ತು ನನ್ನ ಎದೆ ಹಗುರಾಯಿತು.

ಆಮೇಲೆ ಕಂಡಿತು: ಎದುರಿಗೆ ಅವನ ಹೆಂಡತಿ ಶಕುಂತಲಮ್ಮ ಕೂತು, ಅವನ ಕೈಯ ಕೆಳಗೆ ತಮ್ಮೆರಡೂ ಕೈ ಒಡ್ಡಿದ್ದರು. ಕಣ್ಣು ಲಿಂಗದ ಮೇಲೇ ಇತ್ತು, ರೆಪ್ಪೆ ಅಲುಗುತ್ತಿರಲಿಲ್ಲ.

ನಾನು ಸದ್ದು ಮಾಡದೆ ಜಗುಲಿಯಲ್ಲಿ ಕೂತೆ. ಬಿಸಿಲು ಬಿದ್ದಿತ್ತು. ಆದರೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೆ.